ಹಿಂಬದಿ ಇಲ್ಲದ ರಾಜನ ಅಂಗಿ

ಹೋದ ತಿಂಗಳು ಚಿಕ್ಕಬಳ್ಳಾಪುರದ ಒಂದು ಕಾಲೇಜಿನವರು ನನ್ನನ್ನು ಕರೆಸಿ, ಶಾಲು ಹೊದಿಸಿ, ಮೈಕಿನ ಮುಂದೆ ನಿಲ್ಲಿಸಿ, ಐತಿಹಾಸಿಕ ಸಿನಿಮಾದ ಗುಣದೋಷಗಳ ಬಗ್ಗೆ ಮಾತಾಡಿ ಎಂದರು. ನಾನು ಮೊದಲು ನೋಡಿದ್ದು ಶಾಲಿನ ಅಂಚನ್ನು. ಮಡಿಸಿ ಹೊಲಿದಿರಲಿಲ್ಲ, ಕತ್ತರಿಸಿ ಹಾಗೇ ಬಿಟ್ಟಿದ್ದರು. ಇಪ್ಪತ್ತೈದು ವರ್ಷ ಸಿನಿಮಾದವರಿಗೆ ಬಟ್ಟೆ ಹೊಲಿದವನ ಕಣ್ಣಿಗೆ ಬೇರೇನು ಬೀಳುತ್ತದೆ? ಹತ್ತು ನಿಮಿಷ ಏನೋ ಮಾತಾಡಿದೆ, ಹುಡುಗರು ಚಪ್ಪಾಳೆ ತಟ್ಟಿದರು, ಉಪ್ಪಿಟ್ಟು ತಿಂದು ಮನೆಗೆ ಬಂದೆ. ಬಂದ ಮೇಲೆ, ಹೇಳಬೇಕಾದದ್ದನ್ನು ಹೇಳಲೇ ಇಲ್ಲವಲ್ಲ ಎಂದು ಮನಸ್ಸು ಕೊರೆಯತೊಡಗಿತು. ಈ ಕೆಲಸಕ್ಕೆ ಬರಬೇಕೆಂದು ಓದುತ್ತಿರುವ ಇಬ್ಬರು ಹೆಣ್ಣುಮಕ್ಕಳು ಮುಂದಿನ ಸಾಲಿನಲ್ಲಿ ಕೂತು ನಾನು ಹೇಳಿದ ಅಷ್ಟಿಷ್ಟನ್ನೂ ಬರೆದುಕೊಳ್ಳುತ್ತಿದ್ದರು. ಇದನ್ನು ಅವರಿಗಾಗಿ ಬರೆಯುತ್ತಿದ್ದೇನೆ.

ಸಿನಿಮಾ ವಿಮರ್ಶೆ ಮಾಡುವಷ್ಟು ಓದಿದವನು ನಾನಲ್ಲ. ಆದರೆ ಒಂದು ಸಿನಿಮಾದ ಗುಣವನ್ನೂ ದೋಷವನ್ನೂ ನನ್ನ ಕೈಯಾರೆ ಹೊಲಿದಿದ್ದೇನೆ. ಅದರ ಬಗ್ಗೆ ನನಗಿಂತ ಚೆನ್ನಾಗಿ ಹೇಳಬಲ್ಲವರು ಒಬ್ಬರಿದ್ದರು, ವಹಾಬ್ ಸಾಹೇಬರು. ಅವರು ಈಗಿಲ್ಲ.

ನಮ್ಮೂರು ಕಳವಾರ, ಬೆಟ್ಟದ ಬುಡದ ಊರು. ಎಂಬತ್ತರ ದಶಕದ ಶುರುವಿನಲ್ಲಿ ನಾನು ಚಿಕ್ಕಬಳ್ಳಾಪುರದಲ್ಲಿ ನಾಟಕದ ಡ್ರೆಸ್ಸು ಬಾಡಿಗೆಗೆ ಕೊಡುವ ಒಂದು ಅಂಗಡಿಯಲ್ಲಿ ಟೈಲರಾಗಿದ್ದೆ. ಆಗ ನಮ್ಮ ಕಡೆ ಸುಗ್ಗಿ ಮುಗಿಯಿತೆಂದರೆ ಊರೂರಲ್ಲಿ ಪೌರಾಣಿಕ ನಾಟಕ. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಎಲ್ಲ ಕಡೆಗೂ ಟ್ರಂಕುಗಳಲ್ಲಿ ಕಿರೀಟ, ಗದೆ, ಭುಜಕೀರ್ತಿ, ರಾಜರ ನಿಲುವಂಗಿಗಳನ್ನು ತುಂಬಿಸಿ ಬಸ್ಸಿನ ಮೇಲೆ ಹಾಕಿ ಕಳಿಸುತ್ತಿದ್ದೆವು. ಕೆಲವು ಸಲ ನಾನೂ ಹೋಗುತ್ತಿದ್ದೆ. ಗೌರಿಬಿದನೂರಿನ ಪಕ್ಕದ ಒಂದು ಹಳ್ಳಿಯಲ್ಲಿ ಇಬ್ಬರು ರಾಜರು, ಇಬ್ಬರೂ ಖಾಸಾ ಅಣ್ಣತಮ್ಮಂದಿರು, ದೊಡ್ಡ ಕಿರೀಟ ಯಾರಿಗೆ ಎಂದು ಜಗಳಕ್ಕೆ ನಿಂತರು. ತಮ್ಮನಾದವನು ನನ್ನ ಕೈ ಹಿಡಿದುಕೊಂಡು, "ಅನ್ನಾ, ಕೊಂಚಂ ಪೆದ್ದದಿ ಕೊಡಪ್ಪ, ನಮ್ ಮಾವ ಬಂದವ್ರೆ ನೋಡೋಕೆ" ಎಂದು ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಗೋಗರೆದ. ದೊಡ್ಡದನ್ನು ಅವನಿಗೇ ಕೊಟ್ಟೆ. ಕಾಲು ಗಂಟೆಯಲ್ಲಿ ಅದು ಜಾರಿ ಮೂಗಿನ ಮೇಲೆ ಕೂತಿತು. ಆದರೂ ಅವನು ಪದ ಬಿಡದೆ ಹಾಡಿ ಮುಗಿಸಿದ.

ನಾಟಕದ ಡ್ರೆಸ್ಸಿನ ಗುಟ್ಟೊಂದಿದೆ. ಅದರ ಜರತಾರಿ, ಚಮಕಿ, ಮಣಿ, ಎಲ್ಲವೂ ಎದೆಯ ಮೇಲೆ. ಬೆನ್ನಿನ ಕಡೆ ಬರೀ ಒರಟು ಖೋರಾ ಬಟ್ಟೆ, ನಡುವೆ ಸೀಳು, ನಾಲ್ಕು ಜೊತೆ ಲಾಡಿ. ಜನ ಎದುರಿಗೆ ಕೂರುತ್ತಾರೆ, ಹಿಂದೆ ಪರದೆ ಇರುತ್ತದೆ. ಪಾತ್ರಧಾರಿಯೂ ಜನಕ್ಕೆ ಬೆನ್ನು ತೋರಿಸುವಂತಿಲ್ಲ, ಅದು ಅಪಚಾರ. ಲಾಡಿ ಇರುವುದರಿಂದ ಇವತ್ತು ಬಡಕಲು ರಾಜ ಹಾಕಿಕೊಂಡದ್ದನ್ನು ನಾಳೆ ಹೊಟ್ಟೆಯ ರಾಜನೂ ಹಾಕಿಕೊಳ್ಳಬಹುದು. ನಾನು ಕಲಿತದ್ದೇ ಹಾಗೆ. ಅಂಗಿ ಎಂದರೆ ಮುಂಬದಿ ಎಂದು ಕೈಗೆ ರೂಢಿಯಾಗಿಬಿಟ್ಟಿತ್ತು.

ಎಂಬತ್ತೇಳೋ ಎಂಬತ್ತೆಂಟೋ ಇರಬೇಕು. ವಹಾಬ್ ಸಾಹೇಬರು ನಮ್ಮ ಅಂಗಡಿಗೆ ಬಂದರು. ಮೂಲ ಶಿಡ್ಲಘಟ್ಟದವರು, ಬೆಂಗಳೂರಿನಲ್ಲಿ ಬಹಳ ವರ್ಷದಿಂದ ಸಿನಿಮಾಗಳಿಗೆ ವಸ್ತ್ರಾಲಂಕಾರ ಮಾಡುತ್ತಿದ್ದವರು. ಅರವತ್ತರ ಹತ್ತಿರದ ವಯಸ್ಸು, ಬಿಳಿ ಜುಬ್ಬಾ, ಕುತ್ತಿಗೆಯಲ್ಲಿ ಅಳತೆ ಟೇಪು. ನಾನು ಹೊಲಿದ ಒಂದು ನಿಲುವಂಗಿಯ ಎದೆಪಟ್ಟಿಯ ಮೇಲೆ ಹೆಬ್ಬೆರಳಿನ ಉಗುರು ಎಳೆದು ನೋಡಿ, "ಯಾರಪ್ಪ ಇದನ್ನ ಹೊಲ್ದಿದ್ದು?" ಎಂದರು. ನಾನೇ, ಕಳವಾರದವನು ಎಂದೆ. "ಹೊಲಿಗೆ ಚೆನ್ನಾಗೈತೆ. ನನ್ ಜೊತೆ ಬರ್ತೀಯಾ? ಒಂದು ಪಾಳೇಗಾರನ ಪಿಕ್ಚರ್ ಐತೆ. ನಿಮ್ಮೂರ ಬೆಟ್ಟದ ಬುಡದಲ್ಲೇ ಶೂಟಿಂಗ್."

ನಾನು ಅಂಗಡಿ ಬಿಟ್ಟು ಹೊರಟೇಬಿಟ್ಟೆ. ಆಮೇಲೆ ತಿಳಿಯಿತು, ನಿರ್ಮಾಪಕರಿಗೆ ನಮ್ಮನ್ನು ಇಟ್ಟುಕೊಳ್ಳುವ ಮನಸ್ಸೇ ಇರಲಿಲ್ಲವಂತೆ. ಮದರಾಸಿನ ಕಂಪನಿಯಿಂದ ರೆಡಿ ಡ್ರೆಸ್ಸು ತರಿಸೋಣ, ಸಾಹೇಬರಿಗೆ ವಯಸ್ಸಾಯಿತು ಎಂದಿದ್ದರಂತೆ. ನನ್ನ ಕೈಯಲ್ಲಿ ಆಗದಿದ್ದರೆ ನೀವು ಹೇಳುವುದೇ ಬೇಡ, ನಾನೇ ಈ ಕೆಲಸ ಬಿಟ್ಟು ಮನೆಗೆ ಹೋಗುತ್ತೇನೆ ಎಂದು ಮಾತು ಕೊಟ್ಟು ಸಾಹೇಬರು ಕೆಲಸ ಹಿಡಿದಿದ್ದರು. ಅಂದರೆ ಅವರ ಅಷ್ಟು ವರ್ಷದ ಅನ್ನ, ಮರ್ಯಾದೆ, ಎರಡೂ ಈ ಒಂದು ಚಿತ್ರದ ಮೇಲೆ ನಿಂತಿದ್ದವು. ಅದನ್ನು ಅವರು ನನಗೆ ಹೇಳಿರಲಿಲ್ಲ.

ಸಿಪಾಯಿಗಳಿಗೆ ನಲವತ್ತು ಕೆಂಪಂಗಿ, ಪಾಳೇಗಾರನಿಗೆ ಒಂದೇ ಬಟ್ಟೆಯ ಎರಡು ನಿಲುವಂಗಿ. ಒಂದು ಮಾತಿನ ದೃಶ್ಯಕ್ಕೆ, ಇನ್ನೊಂದು ಹೊಡೆದಾಟಕ್ಕೆ. ಒಂದೂವರೆ ತಿಂಗಳು ಕೂತು ಹೊಲಿದೆ. ಹೊಸ ಬಟ್ಟೆ ಹೊಸದಾಗಿ ಕಾಣಬಾರದೆಂದು ಟೀ ಡಿಕಾಕ್ಷನ್ನಿನಲ್ಲಿ ಅದ್ದಿ ಒಣಗಿಸುವುದನ್ನು ಸಾಹೇಬರೇ ಕಲಿಸಿದರು. ಮುಗಿದ ಅಂಗಿಗಳನ್ನು ಗೋಡೆಗೆ ಸಾಲಾಗಿ ನೇತುಹಾಕಿದೆ. ಅವರು ಬಂದು ಒಂದೊಂದರ ಎದೆಯ ಮೇಲೂ ಕೈಯಾಡಿಸಿ, "ಭೇಷ್" ಎಂದರು. ನನಗೆ ಸ್ವರ್ಗಕ್ಕೆ ಮೂರೇ ಗೇಣು.

ಶೂಟಿಂಗಿನ ಮೊದಲ ಎರಡು ದಿನ ಎಲ್ಲವನ್ನೂ ಎದುರಿನಿಂದಲೇ ತೆಗೆದರು, ಸರಿಯಾಗಿ ನಡೆಯಿತು. ಮೂರನೆಯ ದಿನ ಶನಿವಾರ. ಪಾಳೇಗಾರ ಬಂಡೆಯ ಮೇಲೆ ನಿಂತು ಕೆಳಗಿರುವ ಸೈನಿಕರಿಗೆ ಮಾತು ಹೇಳುವ ದೃಶ್ಯ. ನಿರ್ದೇಶಕರು ಕ್ಯಾಮೆರಾವನ್ನು ಎತ್ತಿಸಿ ಬಂಡೆಯ ಹಿಂದಕ್ಕೆ ಒಯ್ದರು. ನಾಯಕನ ಬೆನ್ನು, ಅವನ ಹೆಗಲ ಮೇಲಿಂದ ಸೈನ್ಯ, ಅದರಾಚೆ ಬಯಲು ಕಾಣಬೇಕು ಅಂದರು. ನಾಯಕ ನಟರು ಹೊದ್ದಿದ್ದ ಶಾಲು ತೆಗೆದು ನಿಂತರು.

ಖೋರಾ ಬಟ್ಟೆ. ನಾಲ್ಕು ಜೊತೆ ಲಾಡಿ. ಸೀಳಿನಲ್ಲಿ ಒಳಗಿನ ಬನಿಯನ್ನು.

ಮೊದಲು ಯಾರೋ ಲೈಟಿನವರು ನಕ್ಕರು. ಆಮೇಲೆ ಬೆಟ್ಟದ ಬುಡಕ್ಕೆ ಬೆಟ್ಟದ ಬುಡವೇ ನಕ್ಕಿತು. ಕೆಳಗೆ ನಿಂತ ಸೈನಿಕರು ನಮ್ಮೂರವರೇ, ಯಾಕೆ ನಗುತ್ತಿದ್ದಾರೆಂದು ನೋಡಲು ಒಬ್ಬರ ಬೆನ್ನನ್ನು ಒಬ್ಬರು ನೋಡಿಕೊಂಡು ಅವರೂ ನಕ್ಕರು. ನಾನು ಕೈಯಲ್ಲಿದ್ದ ಸೂಜಿದಾರ ಹಿಡಿದುಕೊಂಡು ನಿಂತುಬಿಟ್ಟೆ. ಕ್ಯಾಮೆರಾ ಸುತ್ತ ತಿರುಗುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲವೇ? ಚಿತ್ರಮಂದಿರದಲ್ಲಿ ಕೂತು ನೂರು ಸಿನಿಮಾ ನೋಡಿದ್ದೆ. ಕೈಗೆ ಮಾತ್ರ ಗೊತ್ತಿರಲಿಲ್ಲ.

ನಿರ್ದೇಶಕರು ನಗಲಿಲ್ಲ. "ಯಾರ್ರೀ ಇದನ್ನ ಹೊಲಿದಿದ್ದು?" ಎಂದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಸಾಹೇಬರು ಮುಂದೆ ಬಂದರು. "ಹೊಲ್ದಿದ್ದು ಇವನು. ಹೇಳಿದ್ದು ನಾನು ಸಾರ್. ಹಿಂದ್ಗಡೆ ಬ್ಯಾಡ, ಮುಂದೆ ಮಾಡು ಸಾಕು ಅಂತ ನಾನೇ ಅಂದಿದ್ದೆ."

ಹಸಿ ಸುಳ್ಳು. ಅಂಥ ಮಾತನ್ನು ಅವರು ಆಡಿಯೇ ಇರಲಿಲ್ಲ. ನಿರ್ಮಾಪಕರು ಅಲ್ಲೇ ಖುರ್ಚಿಯಲ್ಲಿದ್ದರು. "ಮದರಾಸಿಂದ ತರಿಸೋಣ ಅಂತ ಬಡ್ಕೊಂಡೆ. ಇನ್ನೇನು ಸಾಹೇಬ್ರೆ, ಮಾತು ಕೊಟ್ಟಿದ್ರಲ್ಲ, ಮನೆಗೆ ಹೊರಡ್ತೀರೋ?" ಎಂದರು. ನಿರ್ದೇಶಕರು ಒಂದು ಸಲ ಬಂಡೆಯನ್ನೂ ಒಂದು ಸಲ ಸಾಹೇಬರನ್ನೂ ನೋಡಿ, "ನಾಳೆ ಭಾನುವಾರ ರಜ. ಸೋಮವಾರ ಬೆಳಿಗ್ಗೆ ನಂಗೆ ಹಿಂದೆ ಮುಂದೆ ಎರಡೂ ಕಡೆ ಇರೋ ಸೈನ್ಯ ಬೇಕು. ಇಲ್ದಿದ್ರೆ ಮದರಾಸಿಗೆ ಫೋನ್ ಮಾಡ್ತೀನಿ" ಎಂದು ಹೊರಟುಹೋದರು.

ಆ ಬಟ್ಟೆಯ ಥಾನು ಅಲ್ಲಿಗೇ ಮುಗಿದಿತ್ತು. ಅದೇ ಕೆಂಪು, ಅದೇ ಟೀ ಬಣ್ಣ ಒಂದು ದಿನದಲ್ಲಿ ಎಲ್ಲೂ ಸಿಗುವುದಿಲ್ಲ. ಸಾಹೇಬರು ಕಳವಾರದ ಶಾಲೆಯ ಜಗಲಿಯ ಮೇಲೆ ಕೂತು ಒಂದು ಅಂಗಿಯನ್ನು ತೊಡೆಯ ಮೇಲೆ ಹಾಕಿಕೊಂಡು ಬಹಳ ಹೊತ್ತು ತಡವುತ್ತಿದ್ದರು. ಆಮೇಲೆ, "ಮುನಿರಾಜು, ನಮ್ಮತ್ರ ನಲವತ್ತು ಮುಂಬದಿ ಅವೆ. ಇಪ್ಪತ್ತು ಬಿಚ್ಚಿ ಇನ್ನಿಪ್ಪತ್ತಕ್ಕೆ ಬೆನ್ನು ಮಾಡಣ. ರಾಜಂದೂ ಹಂಗೇ, ಎರಡು ಸೇರ್ಸಿ ಒಂದು" ಎಂದರು.

ಭಾನುವಾರ ಬೆಳಗಿನಿಂದ ಸಂಜೆವರೆಗೆ ಆ ಜಗಲಿಯಲ್ಲಿ ಕೆಲಸ ನಡೆಯಿತು. ಸಾಹೇಬರು ಬ್ಲೇಡು ಹಿಡಿದು ಹೊಲಿಗೆ ಬಿಚ್ಚುವುದು, ನಾನು ಮಿಷನ್ನಿನಲ್ಲಿ ಜೋಡಿಸುವುದು, ನನ್ನ ಹೆಂಡತಿ ರತ್ನಮ್ಮ ಮತ್ತು ಊರಿನ ಮೂರು ಹೆಂಗಸರು ಕೈಹೊಲಿಗೆ ಹಾಕುವುದು. ಸಾಹೇಬರ ಬೆರಳಿನ ಚುರುಕು ನೋಡಿ ರತ್ನಮ್ಮ, "ಏನ್ ಸಾಹೇಬ್ರೆ, ಬಟ್ಟೆ ನೋಡ್ದೇನೇ ಬಿಚ್ತೀರಲ್ಲ, ಕೈ ಕುಯ್ಕೊಂಡೀರಿ" ಎಂದು ರೇಗಿಸಿದಳು. ಅವರು ನಕ್ಕರು. ಮಧ್ಯಾಹ್ನ ನಮ್ಮ ಮನೆಯಿಂದ ಮುದ್ದೆ, ಸೊಪ್ಪಿನ ಸಾರು ತರಿಸಿದೆ. ಅವರು ಬೇಡ ಎನ್ನಲಿಲ್ಲ. ಊರಿನ ಮೇಲಿನ ಬೀದಿಯವರು ಯಾರೂ ನಮ್ಮ ಕೇರಿಯ ಸಾರು ಉಂಡವರಲ್ಲ, ಆದ್ದರಿಂದ ಅದು ನನಗೆ ನೆನಪಿದೆ.

ಸೋಮವಾರ ಇಪ್ಪತ್ತು ಅಂಗಿ ಸಿದ್ಧ. ಆದರೆ ನಲವತ್ತು ಜನ ಸಿಪಾಯಿಗಳು ಬಂದು ನಿಂತಿದ್ದಾರೆ. ಮೀಸೆ ಬಿಟ್ಟಿದ್ದಾರೆ, ಕೂಲಿ ಕೆಲಸ ಬಿಟ್ಟು ಬಂದಿದ್ದಾರೆ. ಇಪ್ಪತ್ತು ಜನರನ್ನು ಮನೆಗೆ ಕಳಿಸಿ ಎಂದರೆ ಕಳಿಸುವವನು ನಾನು, ಅದೇ ಊರಿನವನು. ತಲೆಯ ಮೇಲೆ ಕೈ ಹೊತ್ತು ಕೂತೆ. ನಮ್ಮ ಕೇರಿಯ ಮುನೆಪ್ಪ ಬಂದು, "ಅದ್ಯಾಕಣ್ಣ ಯೋಚ್ನೆ ಮಾಡ್ತೀಯ? ಬೆಳಿಗ್ಗೆ ನಾವು ಹಾಕ್ಕೊಂತೀವಿ, ಮಧ್ಯಾನ ಅವ್ರು ಹಾಕ್ಕೊಳ್ಳಿ" ಎಂದ. ಹಾಗೇ ಮಾಡಿದೆವು.

ಬಿಸಿಲಲ್ಲಿ ಅರ್ಧ ದಿನ ಓಡಿದ ಅಂಗಿ ಬೆವರಿನಲ್ಲಿ ತೊಯ್ದಿರುತ್ತದೆ. ಮುನೆಪ್ಪ ಬಿಚ್ಚಿದ ಅಂಗಿಯನ್ನು ಮುಂದೆ ಹಾಕಿಕೊಳ್ಳಬೇಕಾದವನು ಮೇಲಿನ ಬೀದಿಯ ರಾಮೇಗೌಡ. ನಾನು ಅಂಗಿ ಹಿಡಿದುಕೊಂಡು ನಿಂತೆ, ಕೊಡುವುದೋ ಬೇಡವೋ ಎಂದು. ಅದಕ್ಕೆ ಮೊದಲೇ ಇಬ್ಬರು ಗೊಣಗಿಕೊಂಡು ಮನೆಗೆ ಹೋಗಿದ್ದರು. ರಾಮೇಗೌಡ ಕೈ ಚಾಚಿ, "ಕೊಡಪ್ಪ ಇತ್ಲಾಗೆ, ಕ್ಯಾಮ್ರಾದವ್ರು ಕೂಗ್ತಾವ್ರೆ" ಎಂದು ಆ ಒದ್ದೆ ಅಂಗಿಯನ್ನು ಮೈಗೆ ಹಾಕಿಕೊಂಡು ಓಡಿದ. ಇದರಿಂದ ಊರೇನೂ ಬದಲಾಗಲಿಲ್ಲ, ಹೋಟೆಲಿನಲ್ಲಿ ನಮ್ಮ ಲೋಟ ಬೇರೆಯೇ ಇತ್ತು. ಆದರೂ ಆ ಸಿನಿಮಾದ ಗುಣ ಏನು ಎಂದು ಯಾರಾದರೂ ಕೇಳಿದರೆ ನನ್ನ ಮನಸ್ಸಿಗೆ ಮೊದಲು ಬರುವುದು ತೆರೆಯ ಮೇಲೆ ಬಾರದ ಆ ಒಂದು ಗಳಿಗೆ.

ಬೆನ್ನಿನ ಕಡೆಯಿಂದ ದೃಶ್ಯ ತೆಗೆದರು. ನಿರ್ದೇಶಕರು ಕ್ಯಾಮೆರಾದಿಂದ ಕಣ್ಣು ತೆಗೆದು, "ಆಯ್ತು, ನಡೀರಿ" ಎಂದರು. ಸಾಹೇಬರ ಕೆಲಸ ಉಳಿಯಿತು. ಆ ಸಂಜೆ ಅವರ ಕಾಲು ಹಿಡಿಯಲು ಬಗ್ಗಿದೆ. "ಏಳಪ್ಪ, ಮಿಷನ್ ಮೇಲೆ ಮಂಜು ಬೀಳ್ತದೆ, ಒಳಗಿಡು ಹೋಗು" ಎಂದು ಗದರಿದರು. ಯಾಕೆ ಸುಳ್ಳು ಹೇಳಿದಿರಿ ಎಂದು ಕೇಳದೆ ಮಿಷನ್ ಎತ್ತಿ ಒಳಗಿಟ್ಟೆ.

ಚಿತ್ರ ಬಿಡುಗಡೆಯಾದಾಗ ಸಾಹೇಬರು ಶಿಡ್ಲಘಟ್ಟದ ಮಗಳ ಮನೆಯಿಂದ ಹೇಳಿ ಕಳಿಸಿದರು, ಜೊತೆಯಲ್ಲಿ ನೋಡೋಣ ಬಾ ಎಂದು. ಬೆಂಗಳೂರಿನಲ್ಲಿ ಚಿತ್ರದವರ ಜೊತೆ ನೋಡುವ ಬದಲು, ಗುರುತಿನವರು ಇಲ್ಲದ ಕಡೆ ಇರಲಿ ಎಂದು ಚಿಂತಾಮಣಿಗೆ ಹೋದೆವು. ಮ್ಯಾಟಿನಿ ಆಟ. ಹೆಸರುಗಳು ಮುಗಿದು ಬೆಟ್ಟ ಕಾಣಿಸಿಕೊಂಡಿತು. ಐದು ನಿಮಿಷ ಆಗಿರಬೇಕು, ಸಾಹೇಬರು ನನ್ನ ಕಿವಿಯ ಹತ್ತಿರ ಬಗ್ಗಿ, "ಹೇಳ್ತಾ ಹೋಗಪ್ಪ, ಹೆಂಗೆ ಕಾಣ್ತದೆ?" ಎಂದರು. ಅವರು ಅಭಿಪ್ರಾಯ ಕೇಳುತ್ತಿದ್ದಾರೆ ಎಂದುಕೊಂಡು, "ಚೆನ್ನಾಗೈತೆ ಸಾಹೇಬ್ರೆ" ಎಂದೆ. "ಅದಲ್ಲ. ಏನೇನು ಕಾಣ್ತದೆ ಹೇಳು. ನಂಗೆ ಬರೀ ಬೆಳಕು ಗೊತ್ತಾಗ್ತದೆ, ಬಣ್ಣ ಗೊತ್ತಾಗಲ್ಲ. ಕಣ್ಣಿನ ನರ ಒಣಗ್ತಾ ಐತಂತೆ, ಎರಡು ವರ್ಷ ಆಯ್ತು."

ಗೋಡೆಗೆ ನೇತುಹಾಕಿದ ನಲವತ್ತು ಅಂಗಿಗಳ ಬೆನ್ನನ್ನು ಅವರು ಯಾಕೆ ನೋಡಲಿಲ್ಲ ಎಂದು ಅಷ್ಟು ದಿನ ಒಳಗೊಳಗೇ ಅವರ ಮೇಲೂ ಒಂದಿಷ್ಟು ಸಿಟ್ಟಿತ್ತು ನನಗೆ. ಎದೆಯ ಮೇಲೆ ಮಾತ್ರ ಕೈಯಾಡಿಸಿ ಭೇಷ್ ಎಂದವರು ಅವರು. ತಪ್ಪಿನಲ್ಲಿ ಅವರ ಪಾಲೂ ಇತ್ತು, ಅದು ಅವರಿಗೆ ತಿಳಿದಿತ್ತು. ಕಣ್ಣಿನ ಸಂಗತಿ ಯಾರಿಗಾದರೂ ಗೊತ್ತಾದರೆ ಮರುದಿನವೇ ಅವರ ಕೆಲಸ ಹೋಗುತ್ತಿತ್ತು. ಅದನ್ನು ಅವರು ನನಗೆ ಹೇಳಿಬಿಟ್ಟರು.

ಆವತ್ತು ನಾನು ಮಾಡಿದ್ದೇ ನನ್ನ ಜೀವನದ ಮೊದಲ ಮತ್ತು ನಿಜವಾದ ಸಿನಿಮಾ ವಿಮರ್ಶೆ. ಎರಡೂವರೆ ಗಂಟೆ ಅವರ ಕಿವಿಯಲ್ಲಿ ಹೇಳಿದೆ. ಹಿಂದಿನ ಸಾಲಿನವನು ಎರಡು ಸಲ, "ಏ ಯಜಮಾನ್ರೆ, ನೀವು ಆಡೋ ಮಾತೆಲ್ಲ ಮನೇಲಿ ಆಡ್ಕೊಳ್ಳಿ" ಎಂದ.

ಒಳ್ಳೆಯದು ಹೇಳಿದೆ. ಬೆಳಗಿನ ಬಂಡೆಗಳ ಮೇಲೆ ಕೆಂಪಂಗಿ ಏರಿಬರುವುದು ಕಣ್ಣಿಗೆ ಹಬ್ಬದ ಹಾಗಿದೆ. ನಾಯಕನ ದನಿ ಗಟ್ಟಿ, ನಡಿಗೆ ರಾಜನದೇ. ಪಾಳೇಗಾರನ ತಾಯಿ ಕೋಟೆಯೊಳಗೆ ರಾಗಿ ಕೇರುತ್ತ ಕೂತು ಮಗನಿಗೆ ಬುದ್ಧಿ ಹೇಳುತ್ತಾಳೆ. ಇಡೀ ಚಿತ್ರಮಂದಿರ ಆಗ ಉಸಿರು ಬಿಡಲಿಲ್ಲ, ನಮ್ಮ ಕಡೆಯ ತಾಯಿಯೇ ಅವಳು. ನಿಲುವಂಗಿಯ ವಿಷಯ ಕೇಳಿದಾಗ, ಅದು ದೃಶ್ಯದಿಂದ ದೃಶ್ಯಕ್ಕೆ ಮಾಸುತ್ತ ಬಂದಿದೆ, ಕೊನೆಯ ಯುದ್ಧದಲ್ಲಿ ಅರ್ಧ ಚಿಂದಿ ಎಂದೆ. ಇನ್ನೊಂದು ಅಂಗಿಯನ್ನು ನಾವು ಬೆನ್ನಾಗಿ ಬಳಸಿದ್ದರಿಂದ ಬದಲಿಯೇ ಇರಲಿಲ್ಲ, ಒಂದರಲ್ಲೇ ಎಲ್ಲ ಮುಗಿಸಬೇಕಾಗಿತ್ತು. ಬಹುಪಾಲು ಕಥೆಯ ಕ್ರಮದಲ್ಲೇ ಶೂಟಿಂಗ್ ಮಾಡಿದ್ದರಿಂದ ಅದು ಹೊಂದಿಕೊಂಡಿತು. ಆಮೇಲೆ ಪತ್ರಿಕೆಯೊಂದರಲ್ಲಿ ಇದನ್ನೇ ಹೊಗಳಿದರು. ರಾಜನ ಅದೃಷ್ಟ ಇಳಿದ ಹಾಗೆಲ್ಲ ಅಂಗಿಯೂ ಹಳತಾಗುವುದು ನಿರ್ದೇಶಕರ ಸೂಕ್ಷ್ಮ ಎಂದು. ನಿರ್ದೇಶಕರು ಹೌದೆಂದೂ ಅನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ.

ಕೆಟ್ಟದ್ದನ್ನೂ ಹೇಳಿದೆ. ಸೈನ್ಯ ಸಣ್ಣದು. ಒಂದೊಂದು ಸಲಕ್ಕೆ ಇಪ್ಪತ್ತೇ ಜನ, ಅವರನ್ನೇ ಬಂಡೆ ಸುತ್ತಿಸಿ ಮತ್ತೆ ಮತ್ತೆ ಓಡಿಸಿದ್ದಾರೆ. ಅದನ್ನು ನಾನು ಹೇಳುವ ಮೊದಲೇ ಮುಂದಿನ ಸಾಲಿನವನೊಬ್ಬ, "ಒರೇಯ್, ಅದೇ ಮೀಸೆಯೋನು ಮೂರ್ನೇ ಸಲ ಹೋಗ್ತಾ ಅವ್ನೆ ನೋಡ್ರೋ" ಎಂದು ಕೂಗಿ ಎಲ್ಲರೂ ನಕ್ಕರು. ಮುನೆಪ್ಪನ ಮೀಸೆ ಅದು. ಪಾಳೇಗಾರ ಸಾಯುವಾಗಲೂ ಪುಸ್ತಕದ ಭಾಷೆಯಲ್ಲಿ ಮಾತಾಡುತ್ತಾನೆ, ಅದೂ ಉದ್ದಕ್ಕೆ. ರಾಣಿಯ ಉಗುರಿಗೆ ಬಣ್ಣ. ನಂದಿಯ ದೇವಸ್ಥಾನದ ದೃಶ್ಯದಲ್ಲಿ ಮೂಲೆಯಲ್ಲಿ ಕರೆಂಟಿನ ತಂತಿ. ಒಂದು ಕಡೆ ರಾಜನ ಅಂಗಿಯ ತೋಳು ಹರಿದಿದೆ, ಕ್ರಮ ತಪ್ಪಿಸಿ ತೆಗೆದ ಮುಂದಿನ ದೃಶ್ಯದಲ್ಲಿ ನೆಟ್ಟಗಿದೆ.

"ಸಿಪಾಯಿಗಳದು?" ಎಂದರು ಸಾಹೇಬರು.

"ತೋಳು ಗಿಡ್ಡ ಆಯ್ತು ಸಾಹೇಬ್ರೆ. ಎಲ್ಲರ ರಟ್ಟೆ ಮೇಲೂ ಸಿಡುಬಿನ ಇನಾಕ್ಯುಲೇಷನ್ ಗುರುತು ಕಾಣ್ತದೆ. ನಾನೇ ಬಟ್ಟೆ ಉಳಿಸೋಕೆ ಹೋಗಿ ಗಿಡ್ಡ ಕತ್ತರಿಸಿದ್ದೆ."

ಸಾಹೇಬರು ಬಾಯಿಗೆ ಕರವಸ್ತ್ರ ಒತ್ತಿಕೊಂಡು ನಕ್ಕರು. ಇನ್ನೂರು ವರ್ಷದ ಹಿಂದಿನ ಸೈನ್ಯಕ್ಕೆ ಸರ್ಕಾರದವರು ಚುಚ್ಚಿಸಿದ್ದಾರೆ ಅನ್ನು ಎಂದರು. ಆಮೇಲೆ ಗಂಭೀರವಾಗಿ, "ಬೆನ್ನಿನ ಸೀನ್ ಬಂತಾ?" ಎಂದು ಕೇಳಿದರು. ಬಂತು ಎಂದೆ. ಎಡ ಭುಜದ ಹತ್ತಿರ ಒಂದು ನೆರಿಗೆ ಎಳೆದುಕೊಂಡಿದೆ, ಉಳಿದದ್ದು ಚೆನ್ನಾಗಿದೆ ಎಂದೆ. "ನಿಜ ಹೇಳ್ತಿದೀಯಾ?" "ನಿಜ ಸಾಹೇಬ್ರೆ." ಅವರು ನನ್ನ ಕೈಯನ್ನು ಒಮ್ಮೆ ಅದುಮಿ ಬಿಟ್ಟರು.

ಮಕ್ಕಳೇ, ಗುಣದೋಷ ಎಂದು ಮೇಷ್ಟ್ರುಗಳು ಎರಡು ಪಟ್ಟಿ ಮಾಡಿಸುತ್ತಾರೆ. ಆ ಚಿತ್ರದಲ್ಲಿ ಜನ ಹೊಗಳಿದ ಅಂಗಿಯೂ ಜನ ನಕ್ಕ ಸೈನ್ಯವೂ ಒಂದೇ ಭಾನುವಾರ, ಒಂದೇ ಜಗಲಿಯಲ್ಲಿ ಹುಟ್ಟಿದವು. ಯಾವುದನ್ನು ಯಾವ ಪಟ್ಟಿಗೆ ಹಾಕಬೇಕೆಂದು ನನಗಿನ್ನೂ ಗೊತ್ತಿಲ್ಲ.

ಅಲ್ಲಿಂದ ಏಳು ವರ್ಷ ನಾನು ಸಾಹೇಬರ ಸಹಾಯಕ. ಒಬ್ಬರಿಗೂ ಸುಳಿವು ಬಿಡಲಿಲ್ಲ. ನಾನು ಬಟ್ಟೆ ಅವರ ಕೈಗೆ ಕೊಡುವಾಗ, "ಸಾಹೇಬ್ರೆ, ಈ ನೀಲಿ ಹಿಡ್ಕೊಳಿ" ಎಂದು ಬಣ್ಣದ ಹೆಸರು ಸೇರಿಸಿಯೇ ಹೇಳುತ್ತಿದ್ದೆ. ಅಳತೆ ನಾನು ಹಿಡಿದು ಜೋರಾಗಿ ಕೂಗುತ್ತಿದ್ದೆ, ಅವರು ಪುಸ್ತಕ ತೆರೆದುಕೊಂಡು ಬರೆಯುವವರ ಹಾಗೆ ಪೆನ್ನು ಆಡಿಸುತ್ತಿದ್ದರು. ಎಲ್ಲವೂ ಅವರ ತಲೆಯಲ್ಲಿರುತ್ತಿತ್ತು. ಬಟ್ಟೆ ಮುಟ್ಟಿ ನೋಡಿ ಇದು ಒಗೆದರೆ ಎಷ್ಟು ಕುಗ್ಗುತ್ತದೆ, ಲೈಟಿನ ಶಾಖಕ್ಕೆ ನಟನಿಗೆ ಎಲ್ಲಿ ಉರಿಯುತ್ತದೆ ಎಂದು ಹೇಳುತ್ತಿದ್ದರು. ಕಣ್ಣಿದ್ದ ನನಗೆ ಅದು ಗೊತ್ತಾಗುತ್ತಿರಲಿಲ್ಲ. ಶಿಡ್ಲಘಟ್ಟದ ರೇಷ್ಮೆ ನೂಲಿನ ಹುರಿಯನ್ನು ಎರಡು ಬೆರಳಲ್ಲಿ ಹೊಸೆದು ಇದು ಯಾವ ದರ್ಜೆಯದು ಎನ್ನುವವರು. ನಾನು ಕಲಿತದ್ದೆಲ್ಲ ಆ ಏಳು ವರ್ಷದಲ್ಲಿ.

ಕಾಲ ಬದಲಾಗುತ್ತಿತ್ತು. ಮೊದಲೆಲ್ಲ ಯಾವ ದೃಶ್ಯದಲ್ಲಿ ಯಾವ ಗುಂಡಿ ಬಿಚ್ಚಿತ್ತು ಎಂದು ನೆನಪಿಟ್ಟುಕೊಳ್ಳಬೇಕಿತ್ತು. ತೊಂಬತ್ತರ ನಂತರ ಅಲ್ಲೇ ಕೈಗೆ ಬರುವ ಫೋಟೋ ತೆಗೆದು ಅಂಟಿಸಿಟ್ಟುಕೊಳ್ಳುವ ಪದ್ಧತಿ ಬಂತು. ಟೀವಿ ಧಾರಾವಾಹಿಗಳು ಬಂದವು, ಒಗೆಯಲೂ ಬೇಡದ ನೈಲಾನು ಬಂತು, ರಾಜನ ಅಂಗಿಗೆ ಬೆನ್ನಿನಲ್ಲಿ ಜಿಪ್ಪು ಬಂತು. ಸಾಹೇಬರು ಜಿಪ್ಪನ್ನು ಮೇಲೆ ಕೆಳಗೆ ಎಳೆದು, "ಇದ್ ನೋಡಪ್ಪ, ಮತ್ತೆ ಹಿಂದ್ಗಡೆ ಬಾಗಿಲು ಬಂತು" ಎಂದು ನನ್ನ ಕಾಲೆಳೆದಿದ್ದರು.

ತೊಂಬತ್ತೈದರ ಸುಮಾರಿಗೆ ಒಂದು ಐತಿಹಾಸಿಕ ಧಾರಾವಾಹಿಯ ಶೂಟಿಂಗ್ ಗೌರಿಬಿದನೂರಿನ ಹತ್ತಿರದ ಒಂದು ತೋಪಿನಲ್ಲಿ ನಡೆಯುತ್ತಿತ್ತು. ಹೊಸ ಕಾಲದ ಮ್ಯಾನೇಜರ್ ಒಬ್ಬ ಬಂದಿದ್ದ. ಬೆಳಿಗ್ಗೆಯೇ ನನಗೆ, "ನಾಳೆಯಿಂದ ನೀವು ಬರೋದು ಬೇಡ ರೀ. ವಸ್ತ್ರಕ್ಕೆ ಒಬ್ರು ಸಾಕು, ಹೇಗೂ ಸಾಹೇಬ್ರೇ ಎಲ್ಲ ಮಾಡ್ತಾರಲ್ಲ" ಎಂದು ಹೇಳಿಬಿಟ್ಟ. ನಾನು ಹೋದರೆ ಸಾಹೇಬರು ಒಂದು ದಿನವೂ ನಿಲ್ಲಲಾರರು. ಹಾಗೆಂದು ಬಾಯಿಬಿಟ್ಟರೆ ಅವರನ್ನು ನಾನೇ ಹಿಡಿದುಕೊಟ್ಟ ಹಾಗೆ. ಇಸ್ತ್ರಿ ಪೆಟ್ಟಿಗೆಯ ಮುಂದೆ ಹೋಗಿ ನಿಂತೆ.

ಮಧ್ಯಾಹ್ನ ಆ ಮ್ಯಾನೇಜರು ಎರಡು ಬಟ್ಟೆ ತುಂಡು ಹಿಡಿದು ಸಾಹೇಬರ ಹತ್ತಿರ ಬಂದ. ನಿರ್ದೇಶಕರು, ಕ್ಯಾಮೆರಾದವರು ಎಲ್ಲ ಅಲ್ಲೇ ಇದ್ದರು. "ಸಾಹೇಬ್ರೆ, ನಾಳೆಯಿಂದ ನೀವೊಬ್ರೇ ನೋಡ್ಕೊಳ್ಳಿ, ಮುನಿರಾಜುಗೆ ಹೇಳಿದೀನಿ. ಈಗ ಇದ್ರಲ್ಲಿ ರಾಣಿಗೆ ಯಾವ್ದು ಹೇಳಿ, ತರಿಸಿಬಿಡ್ತೀನಿ" ಎಂದ.

ನಾನು ಇಸ್ತ್ರಿ ಪೆಟ್ಟಿಗೆ ಬಿಟ್ಟು ಅವರ ಕಡೆ ನಡೆದೆ, ಬಣ್ಣದ ಹೆಸರು ಹೇಗಾದರೂ ಮಾತಿನಲ್ಲಿ ಸೇರಿಸೋಣ ಎಂದು. ನನ್ನ ಹೆಜ್ಜೆಯ ಸದ್ದು ಅವರಿಗೆ ಗೊತ್ತು. ಕೈಯೆತ್ತಿ, ಅಲ್ಲೇ ನಿಲ್ಲು ಎಂದು ಸನ್ನೆ ಮಾಡಿದರು. ಎರಡು ತುಂಡುಗಳನ್ನೂ ಬೆರಳಲ್ಲಿ ಒಮ್ಮೆ ಸವರಿ ಮೇಜಿನ ಮೇಲಿಟ್ಟರು.

"ನಂಗೆ ಕಣ್ಣು ಕಾಣಲ್ಲಪ್ಪ" ಎಂದರು. "ಬಹಳ ವರ್ಷ ಆಯ್ತು. ನೀವು ನೋಡಿ ಚೆನ್ನಾಗೈತೆ ಅಂದಿದ್ದೆಲ್ಲ ಇವನ ಕೆಲಸ. ಒಬ್ರು ಸಾಕು ಅನ್ನೋದು ಸರಿ. ತೆಗೀಬೇಕಾಗಿರೋದು ನನ್ನ."

ಅವರು ಕುತ್ತಿಗೆಯ ಟೇಪು ತೆಗೆದು ಸುತ್ತಿ ಬಟ್ಟೆಯ ತುಂಡುಗಳ ಪಕ್ಕದಲ್ಲಿಟ್ಟು, ಮನೆಗೆ ಬಿಡಪ್ಪ ಎಂದು ನನ್ನ ರಟ್ಟೆ ಹಿಡಿದರು. ಏಳು ವರ್ಷದಲ್ಲಿ ಜನರೆದುರು ಅವರು ನನ್ನ ರಟ್ಟೆ ಹಿಡಿದದ್ದು ಅದೇ ಮೊದಲು.

ಬಸ್ಸು ಹತ್ತಿದೆವು, ಚಿಕ್ಕಬಳ್ಳಾಪುರ ದಾಟಿತು. ಆಮೇಲೆ, "ಯಾವ ಬಣ್ಣ ಇದ್ವಪ್ಪ ಅವೆರಡೂ?" ಎಂದು ಕೇಳಿದರು.

"ಒಂದು ಗಿಣಿಹಸಿರು, ಇನ್ನೊಂದು ಎಲೆಹಸಿರು. ಯಾವ್ದು ಹೇಳಿದ್ರೂ ನಡೀತಿತ್ತು ಸಾಹೇಬ್ರೆ. ಅವನಿಗೆ ಗೊತ್ತಾಗ್ತಿರ್ಲಿಲ್ಲ."

"ಅವನಿಗೆ ಗೊತ್ತಾಗ್ತಿರ್ಲಿಲ್ಲ" ಎಂದರು ಸಾಹೇಬರು. "ನಾಳೆ ನೀನು ಇರ್ತಿರ್ಲಿಲ್ಲ. ಅದು ನಂಗೆ ಗೊತ್ತಾಗ್ತಿತ್ತು."

ನಾನು ಕಿಟಕಿಯ ಕಡೆ ತಿರುಗಿಕೊಂಡು ಸದ್ದಿಲ್ಲದೆ ಅತ್ತೆ. ಅವರಿಗೆ ಕಾಣುವುದಿಲ್ಲ ಎಂಬ ಧೈರ್ಯವಿತ್ತು. ಸ್ವಲ್ಪ ಹೊತ್ತಿಗೆ ಅವರು ಜುಬ್ಬಾದ ಜೇಬಿನಿಂದ ಮಡಿಸಿದ ಕರವಸ್ತ್ರ ತೆಗೆದು ನನ್ನ ತೊಡೆಯ ಮೇಲಿಟ್ಟರು.